ದೋಣಿಯ ಒಳನೀರು: ಅಪರಾಧವೋ, ದೈವಿಕವೋ?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ದೋಣಿಯ ದೃಷ್ಟಾಂತವನ್ನು ಕೇಳದ ಮಾಧ್ವ ಗೃಹಸ್ಥನು ಇರಲಾರನು. ಸಂಸಾರವು ಸಾಗರ, ದೇಹವು ದೋಣಿ, ಶ್ರೀಹರಿಯು ಅಂಬಿಗ ಎಂಬ ಉಪನ್ಯಾಸವನ್ನು ಚಾತುರ್ಮಾಸ್ಯದಲ್ಲಿ ಒಮ್ಮೆಯಾದರೂ ಕೇಳಿಯೇ ಇರುತ್ತೇವೆ. ಶ್ರೀಪುರಂದರದಾಸರು ತೂತುಗಳುಳ್ಳ ದೋಣಿಯಲ್ಲಿ ಕುಳಿತು ಅಂಬಿಗನನ್ನು ಕರೆದ ಕೀರ್ತನೆಯು ಏಕಾದಶಿಯ ಭಜನೆಯಲ್ಲಿ ತಪ್ಪುವುದು ಅಪರೂಪ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಗಾಳಿಗೆ ಸಿಕ್ಕಿದ ದೋಣಿಯ ಮಾತು ಬರುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಪಾಪವನ್ನು ದಾಟಿಸುವ ಜ್ಞಾನವೆಂಬ ದೋಣಿಯ ಮಾತು ಬರುತ್ತದೆ. ಇವೆಲ್ಲವೂ ಮಹನೀಯವಾದ ವಿಷಯಗಳೇ. ಆದರೆ ಈ ಲೇಖನದಲ್ಲಿ ನಾವು ಆ ದಾರಿಯನ್ನು ಹಿಡಿಯುವುದಿಲ್ಲ. ಇಲ್ಲಿ ದೋಣಿಯೆಂದರೆ ಬಿದಿರು, ಹಲಗೆ, ತಗಡುಗಳಿಂದ ಮಾಡಿದ ದೋಣಿ; ನೀರೆಂದರೆ ಅದರ ತಳದಲ್ಲಿ ನಿಂತ, ಕಾಲಿಗೆ ತಣ್ಣಗೆ ತಾಗುವ ನೀರು.

ಹೀಗೆ ಹೇಳುವುದಕ್ಕೆ ನಮ್ಮ ಸಿದ್ಧಾಂತವೇ ನಮಗೆ ಅಧಿಕಾರವನ್ನು ಕೊಡುತ್ತದೆ. ಜಗತ್ತು ಸತ್ಯ, ಭೇದವು ಸತ್ಯ ಎಂದು ಶ್ರೀಮದಾಚಾರ್ಯರು ಸಾರಿದ್ದಾರೆ. ಜಡಕ್ಕೂ ಜಡಕ್ಕೂ ಇರುವ ಭೇದವು ಪಂಚಭೇದಗಳಲ್ಲಿ ಒಂದು. ಹಲಗೆಯು ಬೇರೆ, ನೀರು ಬೇರೆ. ಹಲಗೆಯಿರಬೇಕಾದ ಸ್ಥಳದಲ್ಲಿ ನೀರು ಬಂದರೆ ಅದು ತೋರಿಕೆಯ ದೋಷವಲ್ಲ, ನಿಜವಾದ ದೋಷವೇ. ಜಗತ್ತನ್ನು ಮಿಥ್ಯೆಯೆನ್ನುವವನು ದೋಣಿಯ ತೂತನ್ನು ದೃಷ್ಟಾಂತಕ್ಕೆ ಮಾತ್ರ ಬಳಸಿ ಬಿಟ್ಟರೆ ಅವನನ್ನು ಆಕ್ಷೇಪಿಸುವಂತಿಲ್ಲ. ತತ್ತ್ವವಾದಿಯು ಹಾಗೆ ಮಾಡಿದರೆ ಅವನನ್ನು ಪ್ರಶ್ನಿಸಲೇಬೇಕಾಗುತ್ತದೆ.

ಕಪಿಲೆಯೂ ಕಾವೇರಿಯೂ ಕೂಡುವ ತಿರುಮಕೂಡಲಿನ ಸೀಮೆಯಲ್ಲಿ ಹುಟ್ಟಿದವರಿಗೆ ಹರಿಗೋಲಿನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಆದರೂ ನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಿಗಾಗಿ ನಾಲ್ಕು ಮಾತು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಹಿಂದೆ ಚರ್ಮವನ್ನೂ ಈಗ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ, ಡಾಂಬರು ಬಳಿದರೆ ಹರಿಗೋಲಾಯಿತು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೈಸ್, ಆನೆಗೊಂದಿಯ ಕಡೆ ದಾಟಿಸುವ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕುವಾಗ ದೋಣಿಯು ಸುತ್ತುತ್ತಲೇ ಇರುತ್ತದೆ ಎಂದು. ಶ್ರೀವ್ಯಾಸರಾಜಗುರುಸಾರ್ವಭೌಮರ ಕಾಲವೂ ಅದೇ. ಅವರು 1539ರಲ್ಲಿ ವೃಂದಾವನಸ್ಥರಾದದ್ದು ಆ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ. ನವವೃಂದಾವನದ ದರ್ಶನಕ್ಕೆ ಹೋಗುವವನು ನೀರನ್ನು ದಾಟಲೇಬೇಕು. ಸಂಗಮಕ್ಕೆ ಸಮೀಪದ ಸೋಸಲೆಯಲ್ಲಿ ಅವರ ಮಠದ ಪರಂಪರೆಯು ನೆಲೆಗೊಂಡಿರುವುದು ಸಜ್ಜನರಿಗೆಲ್ಲ ವಿದಿತವೇ ಆಗಿದೆ. ಹೀಗೆ ನಮ್ಮ ಕ್ಷೇತ್ರಗಳು ಹೊಳೆಯ ದಡದಲ್ಲಿಯೂ ಹೊಳೆಯ ಮಧ್ಯದಲ್ಲಿಯೂ ಇರುವುದರಿಂದ, ದೋಣಿಯ ಧರ್ಮವನ್ನು ವಿಚಾರಿಸುವುದು ನಮಗೆ ಹೊರಗಿನ ವಿಷಯವೇನೂ ಅಲ್ಲ. ಭಗವಾನ್ ವೇದವ್ಯಾಸದೇವರು ಪ್ರಾದುರ್ಭವಿಸಿದ ಕಥೆಯಲ್ಲಿಯೂ ಯಮುನೆಯ ದೋಣಿಯೇ ಇದೆ.

ಹರಿಗೋಲಿನಲ್ಲಿ ಒಂದು ಗುಣವುಂಟು. ಅದರ ಒಳನೀರು ಅಡಗಿಕೊಳ್ಳಲಾರದು. ಹಾಳೆಯು ಎಲ್ಲಿ ಹರಿದರೂ ನೀರು ಬುಟ್ಟಿಯ ತಳಕ್ಕೆ ಬರುತ್ತದೆ, ಎಲ್ಲರ ಕಾಲಿಗೂ ತಾಗುತ್ತದೆ. ಅಂಬಿಗನು ಒಂದು ಹಳೆಯ ಡಬ್ಬದಿಂದ ಮೊಗೆದು ಹೊರಗೆ ಚೆಲ್ಲುತ್ತಾನೆ; ದಡಕ್ಕೆ ಬಂದೊಡನೆ ಹರಿಗೋಲನ್ನು ಬೋರಲು ಹಾಕುತ್ತಾನೆ. ಬೋರಲು ಹಾಕಿದ ಹರಿಗೋಲಿನಲ್ಲಿ ನೀರು ನಿಲ್ಲುವುದುಂಟೆ? ಬಡವನ ದೋಣಿಯೆಂದು ಕಡೆಗಣಿಸಲ್ಪಟ್ಟ ಈ ಬುಟ್ಟಿಯು ಒಳನೀರಿನ ವಿಷಯದಲ್ಲಿ ದೊಡ್ಡ ಹಡಗುಗಳಿಗಿಂತ ಪ್ರಾಮಾಣಿಕವಾದದ್ದು ಎಂದು ನಮಗೆ ತೋರುತ್ತದೆ.

ಹಲಗೆಯ ದೋಣಿಯು ಹಾಗಲ್ಲ. ಅದರ ಸಂದುಗಳಿಗೆ ಹತ್ತಿಯನ್ನೋ ನಾರನ್ನೋ ತುಂಬಿ, ರಾಳವನ್ನೂ ಎಣ್ಣೆಯನ್ನೂ ಬೆರೆಸಿ ಮೆತ್ತುತ್ತಾರೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ದಡದಲ್ಲಿ ಬಿದ್ದಿದ್ದರೆ ಹಲಗೆಯು ಒಣಗಿ ಕುಗ್ಗುತ್ತದೆ, ಸಂದುಗಳು ಬಾಯಿ ಬಿಡುತ್ತವೆ. ಅಂಥ ದೋಣಿಯನ್ನು ನೀರಿಗಿಳಿಸಿದೊಡನೆ ಜನರನ್ನು ಹತ್ತಿಸಬಾರದು. ಕೆಲವು ಕಾಲ ನೀರಿನಲ್ಲಿಯೇ ನೆನೆಯಲು ಬಿಡಬೇಕು. ನೆನೆದ ಹಲಗೆಯು ಉಬ್ಬಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಯಾವ ನೀರಿನಿಂದ ದೋಣಿಗೆ ಅಪಾಯವೋ ಆ ನೀರಿನಿಂದಲೇ ಅದಕ್ಕೆ ರಕ್ಷೆ. ಆದರೆ ಆ ರಕ್ಷೆಗೆ ಕಾಲಾವಕಾಶ ಬೇಕು. ಜಾತ್ರೆಯ ದಿನ ಬೆಳಿಗ್ಗೆ ದೋಣಿಯನ್ನು ನೀರಿಗೆ ತಳ್ಳುವವನಿಗೆ ಅಷ್ಟು ಸಾವಧಾನವಿರುವುದಿಲ್ಲ.

ಇನ್ನು ಈಚಿನ ಫೈಬರ್ ದೋಣಿಗಳು. ಇವುಗಳಲ್ಲಿ ಹಲವಕ್ಕೆ ಎರಡು ಪದರದ ಮೈ ಇರುತ್ತದೆ. ನಡುವೆ ತೇಲುವುದಕ್ಕೆಂದು ಹಗುರವಾದ ನೊರೆಯಂಥ ವಸ್ತುವನ್ನು ತುಂಬಿರುತ್ತಾರೆ. ಎಲ್ಲಿಯೋ ಒಂದು ಮೊಳೆಯ ತೂತು ಸಡಿಲವಾದರೆ ನೀರು ಆ ಎರಡು ಪದರಗಳ ನಡುವೆ ಸೇರುತ್ತದೆ. ಮೇಲಿನ ನೆಲವು ಒಣಗಿಯೇ ಇರುತ್ತದೆ. ಕುಳಿತವನ ಕಾಲು ಒದ್ದೆಯಾಗುವುದಿಲ್ಲ. ದೋಣಿಯು ಮಾತ್ರ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಾ, ನೀರಿನಲ್ಲಿ ಬೆರಳಗಲ ಬೆರಳಗಲವಾಗಿ ಕೆಳಗಿಳಿಯುತ್ತಾ ಹೋಗುತ್ತದೆ. ಇದನ್ನು ತಿಳಿಯಬೇಕಾದರೆ ದೋಣಿಯನ್ನು ದಡಕ್ಕೆಳೆದು ತೂಗಬೇಕು, ಇಲ್ಲವೆ ಮೈಯನ್ನು ತಟ್ಟಿ ನಾದವನ್ನು ಕೇಳಬೇಕು, ಹಿಂಭಾಗದ ಬಿರಡೆಯನ್ನು ತೆಗೆದು ಹರಿಯುವುದೋ ಇಲ್ಲವೋ ನೋಡಬೇಕು. ದೊಡ್ಡ ಹಡಗುಗಳಲ್ಲಿ ತಳದ ನೀರನ್ನು ಅಳೆಯಲು ಉದ್ದನೆಯ ಸರಳನ್ನು ಇಳಿಬಿಟ್ಟು, ಎಷ್ಟು ಒದ್ದೆಯಾಗಿದೆ ಎಂದು ಪ್ರತಿದಿನ ನೋಡುವ ಪದ್ಧತಿಯು ಬಹುಕಾಲದಿಂದ ಇದೆ. ತಾನಾಗಿ ಕಾಣದ ನೀರು ಅದು. ನೋಡಲು ಹೋದವನಿಗೆ ಮಾತ್ರ ಕಾಣುತ್ತದೆ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದಲೇ ನಮ್ಮ ಪ್ರಶ್ನೆಯು ಹುಟ್ಟುವುದು.

ಒಳನೀರು ಅಪಾಯವಾಗುವುದು ಅದರ ಭಾರದಿಂದಲೇ ಎಂದು ಅನೇಕರ ಭಾವನೆ. ಭಾರವೊಂದೇ ಕಾರಣವಲ್ಲ. ಹತ್ತು ಮಣ ಅಕ್ಕಿಯ ಮೂಟೆಗಳನ್ನು ದೋಣಿಯ ತಳದಲ್ಲಿ ಕದಲದಂತೆ ಇಟ್ಟರೆ ದೋಣಿಯು ಇನ್ನೂ ಸ್ಥಿರವಾಗಿ ನಿಲ್ಲುತ್ತದೆ. ಅದೇ ಹತ್ತು ಮಣ ನೀರು ತಳದಲ್ಲಿ ಹರಡಿಕೊಂಡಿದ್ದರೆ, ದೋಣಿಯು ಎಡಕ್ಕೆ ಸ್ವಲ್ಪ ವಾಲಿದೊಡನೆ ನೀರೆಲ್ಲ ಎಡಕ್ಕೇ ಓಡುತ್ತದೆ. ವಾಲಿದ್ದನ್ನು ಮತ್ತಷ್ಟು ವಾಲಿಸುತ್ತದೆ. ಬೀಳುವವನನ್ನು ಹಿಡಿಯುವ ಬದಲು ನೂಕುವ ಸಂಗಾತಿಯಂತೆ ಅದು. ತಳವು ಅಗಲವಾದಷ್ಟೂ ಈ ದೋಷವು ಹೆಚ್ಚು. ಹಡಗು ಕಟ್ಟುವವರು ಇದನ್ನರಿತು ನೀರಿನ ತೊಟ್ಟಿಗಳ ನಡುವೆ ಗೋಡೆಗಳನ್ನಿಡುತ್ತಾರೆ; ಚೌಕ ತಳದ ತೊಟ್ಟಿಗೆ ಉದ್ದಕ್ಕೂ ಒಂದು ನಡುಗೋಡೆಯನ್ನು ಹಾಕಿದರೆ ದೋಷವು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ಅವರ ಗಣಿತ.

ಇಲ್ಲಿ ಮಲ್ಪೆಯ ಪ್ರಸಂಗವು ಯಾರಿಗಾದರೂ ನೆನಪಾಗದಿರದು. ದ್ವಾರಕೆಯ ಕಡೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಿದಾಗ ಕಡಲತೀರದಲ್ಲಿದ್ದ ಶ್ರೀಮದಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ದಡ ಸೇರಿಸಿದರು. ಕೃತಜ್ಞನಾದ ನಾವಿಕನು ಏನು ಬೇಕೆಂದಾಗ ಅವರು ಬಯಸಿದ್ದು ಹಡಗಿನ ಸಮತೂಕಕ್ಕೆಂದು ತಳದಲ್ಲಿರಿಸಿದ್ದ ಗೋಪೀಚಂದನದ ಗಡ್ಡೆಯನ್ನು. ಅದರೊಳಗಿದ್ದವನು ಉಡುಪಿಯ ಶ್ರೀಕೃಷ್ಣ. ಸಂಪ್ರದಾಯದಲ್ಲಿ ಪ್ರಸಿದ್ಧವಾದ ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮಹಿಮೆಯನ್ನು ಮಾತ್ರ ಗ್ರಹಿಸುತ್ತೇವೆ. ಗಡ್ಡೆಯು ಹಡಗಿನ ತಳದಲ್ಲಿ ಏಕಿತ್ತು ಎಂದು ಕೇಳುವುದಿಲ್ಲ. ಸರಕಿಲ್ಲದ ಹಡಗು ಮೇಲೆದ್ದು ಹೊಯ್ದಾಡುವುದರಿಂದ ತಳದಲ್ಲಿ ಕದಲದ ಭಾರವನ್ನಿಡಬೇಕು ಎಂಬುದನ್ನು ಆ ನಾವಿಕನು ಬಲ್ಲವನಾಗಿದ್ದನು. ಅವನು ತನ್ನ ಕೆಲಸವನ್ನು ಮಾಡಿದ್ದನು. ಆ ಮೇಲೆ ಬಿರುಗಾಳಿ ಬಂದಿತು. ಆ ಮೇಲೆ ಆಚಾರ್ಯರ ಕೃಪೆಯಾಯಿತು. ಈ ಅನುಕ್ರಮವು ನಮ್ಮ ವಿಚಾರಕ್ಕೆ ಮುಖ್ಯವಾದದ್ದು.

ಈಗ ಪ್ರಶ್ನೆಗೆ ಬರೋಣ. ದೋಣಿಯ ಒಳಗೆ ನೀರು ಸೇರಿ ಹಾನಿಯಾದರೆ ಅದು ಯಾರ ದೋಷ?

ಮನುಸ್ಮೃತಿಯ ಎಂಟನೆಯ ಅಧ್ಯಾಯವು ವ್ಯವಹಾರದ ಪ್ರಕರಣ. ಅದರಲ್ಲಿ ಹೊಳೆ ದಾಟಿಸುವ ಸುಂಕದ ವಿಚಾರ ಮುಗಿದ ಮೇಲೆ ಅಂಬಿಗರ ಹೊಣೆಯ ವಿಚಾರ ಬರುತ್ತದೆ. ಅಂಬಿಗರ ಅಪರಾಧದಿಂದ ದೋಣಿಯಲ್ಲಿ ಏನಾದರೂ ಹಾಳಾದರೆ ಅವರೆಲ್ಲರೂ ಸೇರಿ ತಮ್ಮ ತಮ್ಮ ಪಾಲಿನಂತೆ ಅದನ್ನು ತುಂಬಿಕೊಡಬೇಕು. ದೈವಿಕವಾಗಿ ಆದದ್ದಕ್ಕೆ ಮಾತ್ರ ದಂಡವಿಲ್ಲ, ಎಂದು ಅಲ್ಲಿನ ನಿರ್ಣಯ. ಇದು ಎಷ್ಟು ಸೂಕ್ಷ್ಮವಾದ ಮಾತು! ಅಪರಾಧವೆಂದೂ ದೈವಿಕವೆಂದೂ ಎರಡು ಭಾಗ ಮಾಡಿ ನಡುವೆ ಗೆರೆಯನ್ನೆಳೆದರು. ಆದರೆ ಒಳನೀರು ಆ ಗೆರೆಯ ಯಾವ ಕಡೆಗೆ ಸೇರುತ್ತದೆ? ಬಿರುಗಾಳಿಯು ದೈವಿಕ, ಸಂಶಯವಿಲ್ಲ. ಕುಡಿದು ಹುಟ್ಟು ಹಾಕಿದ್ದು ಅಪರಾಧ, ಅದರಲ್ಲೂ ಸಂಶಯವಿಲ್ಲ. ಯಾರೂ ಬಯಸದೆ, ಯಾರೂ ಕಾಣದೆ, ರಾತ್ರಿಯೆಲ್ಲ ಹನಿಹನಿಯಾಗಿ ಸೇರಿಕೊಂಡ ನೀರು?

ಇಲ್ಲಿ ಪೂರ್ವಪಕ್ಷವು ಎದ್ದು ನಿಲ್ಲುತ್ತದೆ, ಅದೂ ನಮ್ಮವರಿಂದಲೇ. "ತೃಣವೂ ಶ್ರೀಹರಿಯ ಪ್ರೇರಣೆಯಿಲ್ಲದೆ ಚಲಿಸಲಾರದು ಎಂಬುದು ನಮ್ಮ ಸಿದ್ಧಾಂತವಲ್ಲವೇ? ಹನಿ ನೀರು ಒಳಗೆ ಬಂದದ್ದೂ ಅವನ ಚಿತ್ತ, ದೋಣಿಯು ಮುಳುಗಿದ್ದೂ ಅವನ ಚಿತ್ತ. ಅಸ್ವತಂತ್ರನಾದ ಜೀವನಿಗೆ ಅಪರಾಧವೆಲ್ಲಿಂದ ಬಂದಿತು?" ಈ ಮಾತನ್ನು ಹೇಳುವವರು ದುಷ್ಟರಲ್ಲ. ಆಡುವಾಗ ಅವರ ಕಣ್ಣಿನಲ್ಲಿ ನೀರೂ ಇರುತ್ತದೆ. ಆದರೂ ಈ ಮಾತು ತಪ್ಪು. ಮತ್ತು ನಮ್ಮ ಸಿದ್ಧಾಂತದ ಹೆಸರಿನಲ್ಲಿಯೇ ಆಡಲ್ಪಡುವುದರಿಂದ ಅದನ್ನು ನಾವೇ ಖಂಡಿಸಬೇಕಾದದ್ದು.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವಕರ್ತೃತ್ವದ ವಿಚಾರವಿದೆ. ಜೀವನು ಕರ್ತೃವೇ ಅಲ್ಲದಿದ್ದರೆ ವಿಧಿನಿಷೇಧ ಶಾಸ್ತ್ರವೆಲ್ಲ ವ್ಯರ್ಥವಾಗುತ್ತದೆ ಎಂಬುದರಿಂದ ಆರಂಭಿಸಿ, ಆ ಕರ್ತೃತ್ವವು ಪರಮಾತ್ಮನ ಅಧೀನವಾದದ್ದು ಎಂಬಲ್ಲಿಗೆ ಅದು ಮುಗಿಯುತ್ತದೆ. ನಡುವೆ ಬಡಗಿಯ ದೃಷ್ಟಾಂತವು ಬರುತ್ತದೆ. ಶ್ರೀಮದಾಚಾರ್ಯರ ಭಾಷ್ಯದಂತೆ ಅದರ ಅಭಿಪ್ರಾಯವಿಷ್ಟು: ಬಡಗಿಯು ಕೆಲಸ ಮಾಡಿಸುವವನ ನಿಯಮನದಲ್ಲಿಯೂ ಇದ್ದಾನೆ, ತಾನೇ ಕೆಲಸ ಮಾಡುವವನೂ ಆಗಿದ್ದಾನೆ, ಜೀವನೂ ಹಾಗೆಯೇ. ಮಾಡಿಸುವವನಿದ್ದಾನೆ ಎಂದಮಾತ್ರಕ್ಕೆ ಬಡಗಿಯ ಕೈಯ ಉಳಿಯು ತಾನಾಗಿ ಆಡುವುದಿಲ್ಲ. ಹಲಗೆಯ ಸಂದನ್ನು ಸರಿಯಾಗಿ ಕೂಡಿಸದ ಬಡಗಿಯು, "ಮಾಡಿಸಿದವರು ಯಜಮಾನರು" ಎಂದರೆ ಯಜಮಾನನು ಒಪ್ಪುವನೇ? ಸೂತ್ರಕಾರರು ಬಡಗಿಯನ್ನೇ ಆಯ್ದುಕೊಂಡದ್ದು ನಮ್ಮ ವಿಷಯಕ್ಕೆ ಎಷ್ಟು ಹತ್ತಿರವಾಯಿತು ಎಂದು ನಮಗೆ ಸಂತೋಷವಾಗುತ್ತದೆ. ದೋಣಿಯನ್ನು ಕಟ್ಟುವವನೂ ಬಡಗಿಯೇ ಅಲ್ಲವೇ.

ಗೀತೆಯ ಹದಿನೆಂಟನೆಯ ಅಧ್ಯಾಯವು ಇದನ್ನೇ ಎಣಿಸಿ ಹೇಳುತ್ತದೆ. ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳು: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾ ವಿಧದ ಚೇಷ್ಟೆಗಳು, ಐದನೆಯದು ದೈವ. ಐದನೆಯದಾದ ದೈವವೇ ಉಳಿದ ನಾಲ್ಕಕ್ಕೂ ಸತ್ತಾಪ್ರದವಾದದ್ದು ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಭಗವಂತನೇ ನಾಲ್ಕನ್ನೂ ಹೆಸರಿಸಿ ಐದನೆಯದನ್ನು ಹೇಳಿರುವಾಗ, ನಾಲ್ಕನ್ನು ಬಿಟ್ಟು ಐದನೆಯದೊಂದನ್ನೇ ಹೇಳುವ ನಾವು ಯಾರು? ಮೊಗೆಯುವ ಡಬ್ಬವು ಕರಣ, ಮೊಗೆಯುವುದು ಚೇಷ್ಟೆ. ಅದೇ ಅಧ್ಯಾಯದ ಮೊದಲ ಭಾಗದಲ್ಲಿ, ನಿಯತವಾದ ಕರ್ಮವನ್ನು ಮೋಹದಿಂದ ಬಿಡುವುದು ತಾಮಸತ್ಯಾಗವೆಂದೂ, ಮೈಗೆ ಕಷ್ಟವೆಂದು ಬಿಡುವುದು ರಾಜಸತ್ಯಾಗವೆಂದೂ ಹೇಳಲ್ಪಟ್ಟಿದೆ. ಒಳನೀರನ್ನು ನೋಡದೆ ಬಿಟ್ಟು "ಹರಿಚಿತ್ತ" ಎನ್ನುವವನು ಶರಣಾಗತನಂತೆ ಮಾತನಾಡುತ್ತಾನೆ. ಅವನು ಮಾಡಿರುವುದು ತಾಮಸತ್ಯಾಗ.

ಪಾಂಡವರ ಕಥೆಯನ್ನು ನೋಡಿರಿ. ಅರಗಿನ ಮನೆಯಲ್ಲಿದ್ದವನು ಸಾಕ್ಷಾತ್ ವಾಯುದೇವರ ಅವತಾರನಾದ ಭೀಮಸೇನ. ಅವರಿಗಿಂತ ಹರಿಗೆ ಪ್ರಿಯರು ಯಾರು? ಆದರೂ ವಿದುರನು ಸುರಂಗ ತೋಡುವವನನ್ನು ಮುಂಚೆಯೇ ಕಳುಹಿಸಿದನು. ಗಂಗೆಯ ದಡದಲ್ಲಿ ಗಾಳಿಯನ್ನು ತಡೆಯಬಲ್ಲ ಗಟ್ಟಿಯಾದ ದೋಣಿಯನ್ನೂ ನಂಬಿಕೆಯ ಅಂಬಿಗನನ್ನೂ ಸಿದ್ಧಗೊಳಿಸಿದನು. ಭೀಮನ ಭುಜಬಲವಿದೆಯಲ್ಲ, ಹೇಗಾದರೂ ದಾಟಿಯಾರು ಎಂದು ವಿದುರನು ಸುಮ್ಮನಾಗಲಿಲ್ಲ. ಯಮಧರ್ಮನ ಅಂಶದಲ್ಲಿ ಹುಟ್ಟಿದವನು ಹಳೆಯ ದೋಣಿಯನ್ನು ಕಳುಹಿಸುವುದು ಸಾಧ್ಯವಿತ್ತೆ?

ಪೂರ್ವಪಕ್ಷವು ಇಷ್ಟಕ್ಕೆ ಮುಗಿಯುವುದಿಲ್ಲ. ಅದರ ಎರಡನೆಯ ರೂಪವು ಹೆಚ್ಚು ಬಲವಾದದ್ದು. "ತಿಳಿದೂ ಸುಮ್ಮನಿದ್ದವನು ಅಪರಾಧಿ, ಒಪ್ಪಿದೆವು. ಆದರೆ ಒಳನೀರು ಕಾಣುವುದೇ ಇಲ್ಲವೆಂದು ನೀವೇ ಹೇಳಿದಿರಿ. ಕಾಣದ್ದಕ್ಕೆ ಹೊಣೆಯುಂಟೆ?" ಶಾಸ್ತ್ರದಲ್ಲಿಯೂ ಜ್ಞಾನತಃ ಮಾಡಿದ್ದಕ್ಕೆ ಒಂದು ಪ್ರಾಯಶ್ಚಿತ್ತ, ಅಜ್ಞಾನತಃ ಆದದ್ದಕ್ಕೆ ಅದಕ್ಕಿಂತ ಲಘುವಾದದ್ದು ಎಂಬ ಭೇದವಿರುವುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಉತ್ತರವಿದು. ಲಘುವಾದರೂ ಪ್ರಾಯಶ್ಚಿತ್ತವನ್ನು ಹೇಳಿದ್ದಾರೆ, ಇಲ್ಲವೆನ್ನಲಿಲ್ಲ. ಅದೂ ಅಲ್ಲದೆ, ಕಾಣಲಿಲ್ಲವೆಂಬುದು ಒಂದು, ನೋಡಲಿಲ್ಲವೆಂಬುದು ಇನ್ನೊಂದು. ದೋಣಿಯ ವೃತ್ತಿಯನ್ನು ಕೈಗೊಂಡವನಿಗೆ ಒಳಗೆ ನೀರು ಸೇರಬಹುದೆಂಬ ಸಾಮಾನ್ಯ ಜ್ಞಾನವು ಇದ್ದೇ ಇದೆ. ಈ ದಿನ, ಈ ದೋಣಿಯಲ್ಲಿ ಸೇರಿದೆಯೇ ಎಂಬ ವಿಶೇಷ ಜ್ಞಾನವು ಮಾತ್ರ ಇಲ್ಲ. ಆ ವಿಶೇಷ ಜ್ಞಾನಕ್ಕೆ ಉಪಾಯವೂ ಕೈಯಲ್ಲಿಯೇ ಇದೆ: ತಟ್ಟಿ ನೋಡು, ಬಿರಡೆ ತೆಗೆದು ನೋಡು. ಉಪಾಯವಿದ್ದೂ ಬಳಸದವನ ಅಜ್ಞಾನವನ್ನು ನಾವು ಅಜ್ಞಾನವೆಂದು ಎಣಿಸಲಾರೆವು. ಮಡಿನೀರಿಗೆ ಹಲ್ಲಿ ಬಿದ್ದಿದೆಯೇ ಎಂದು ಮುಚ್ಚಳ ತೆಗೆದು ನೋಡದ ಅಡಿಗೆಯವನನ್ನು ನಮ್ಮ ಮನೆಯ ಹಿರಿಯರು ಅಜ್ಞಾನಿಯೆಂದು ಕ್ಷಮಿಸುತ್ತಿದ್ದರೇ? ದೋಣಿಯ ವಿಷಯದಲ್ಲಿ ಮಾತ್ರ ಅಷ್ಟೊಂದು ಉದಾರತೆಯೇಕೆ?

ಮತ್ತೊಬ್ಬರು ಹೇಳಬಹುದು: ಸೋರುವ ದೋಣಿಯಲ್ಲಿ ನೂರು ಬಾರಿ ದಾಟಿದರೂ ಏನೂ ಆಗಲಿಲ್ಲ, ಆದದ್ದು ನೂರೊಂದನೆಯ ಬಾರಿ, ಹಾಗಾದರೆ ಆ ನೂರು ಬಾರಿ ಅಂಬಿಗನಲ್ಲಿ ದೋಷವಿತ್ತೇ ಇರಲಿಲ್ಲವೇ? ಹಾನಿಯಾದಾಗಲೇ ದಂಡವೆಂದು ಸ್ಮೃತಿಯು ಹೇಳುವುದು ನಷ್ಟವನ್ನು ತುಂಬಿಸುವ ದೃಷ್ಟಿಯಿಂದ. ದೋಷವಾದರೋ ಮೊದಲನೆಯ ಬಾರಿಯೇ ಹುಟ್ಟಿತ್ತು. ನೂರು ಬಾರಿ ದಡ ಸೇರಿಸಿದ್ದು ಶ್ರೀಹರಿಯ ಕಾರುಣ್ಯ. ಆ ಕಾರುಣ್ಯವನ್ನು ತನ್ನ ದೋಣಿಯ ಗಟ್ಟಿತನಕ್ಕೆ ಸಾಕ್ಷಿಯೆಂದು ತಿಳಿದವನು ಅವನ ಉಪಕಾರವನ್ನೇ ಅವನ ವಿರುದ್ಧ ಬಳಸಿದಂತಾಯಿತು. ಇದು ನಮಗೆ ನಿರ್ಲಕ್ಷ್ಯಕ್ಕಿಂತಲೂ ಕ್ರೂರವಾಗಿ ತೋರುತ್ತದೆ.

2019ನೆಯ ಇಸವಿ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹದೇವರ ಜಾತ್ರೆಯನ್ನು ಮುಗಿಸಿ ಹಿಂದಿರುಗುತ್ತಿದ್ದ ದೋಣಿಯು ಸಮುದ್ರದಲ್ಲಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಮಕ್ಕಳೂ ಇದ್ದರು. ಮಿತಿಮೀರಿ ಜನರನ್ನು ಹತ್ತಿಸಲಾಗಿತ್ತು, ಬಹಳ ಮಂದಿಗೆ ಜೀವರಕ್ಷಕ ಕವಚಗಳಿರಲಿಲ್ಲ ಎಂಬ ಮಾತುಗಳು ಆಗ ಕೇಳಿಬಂದವು. ಅದನ್ನು ವಿಚಾರಿಸುವುದು ಅಧಿಕಾರಸ್ಥರ ಕೆಲಸ. ನಾವಿಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ನರಸಿಂಹದೇವರ ದರ್ಶನ ಮಾಡಿ ಬಂದವರಿಗೆ ಹೀಗಾಯಿತಲ್ಲ, ಏನು ಹೇಳೋಣ, ಎಂದು ಆ ವಾರವೆಲ್ಲ ಮನೆಮನೆಗಳಲ್ಲಿ ಆಡಿಕೊಂಡದ್ದುಂಟು. ದೇವರು ಕೈಬಿಟ್ಟನೇ ಎಂದು ಕೇಳುವ ಮೊದಲು ಯಾರ ಯಾರ ಕೈಯಲ್ಲಿ ಏನೇನಿತ್ತು ಎಂದು ಕೇಳಿದ್ದರೆ, ಸತ್ತವರಿಗೆ ಅದಕ್ಕಿಂತ ಹೆಚ್ಚಿನ ಗೌರವವಾಗುತ್ತಿತ್ತು.

ದೈವಿಕದ ಎಲ್ಲೆಯು ಕಾಲಕ್ಕೆ ತಕ್ಕಂತೆ ಸರಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಹಿಂದೆ ಕಪಿಲೆಯ ಪ್ರವಾಹವು ಪೂರ್ಣವಾಗಿ ದೈವಿಕವೇ. ವೈನಾಡಿನಲ್ಲಿ ಮಳೆ ಸುರಿದದ್ದು ನಂಜನಗೂಡಿನವರಿಗೆ ತಿಳಿಯುತ್ತಿದ್ದದ್ದು ಹೊಳೆಯು ಏರಿದ ಮೇಲೆ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಸ್ಥಿತಿಯು ಬೇರೆ. ಮಳೆಯು ದೈವಿಕವಾಗಿಯೇ ಉಳಿದಿದೆ. ನೀರು ಬಿಡುವ ಹೊತ್ತನ್ನು ಮಾತ್ರ ಮುಂಚೆಯೇ ಸಾರುತ್ತಾರೆ. 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಸ್ನಾನಘಟ್ಟದ ಹದಿನಾರು ಕಾಲು ಮಂಟಪವು ಮುಳುಗಿದಾಗ ನೀರು ಬರುವುದು ಯಾರಿಗೂ ಅನಿರೀಕ್ಷಿತವಾಗಿರಲಿಲ್ಲ. ಮುನ್ಸೂಚನೆಯನ್ನು ಕೇಳಿಯೂ ದೋಣಿಯನ್ನು ನೀರಿಗಿಳಿಸುವವನಿಗೆ ಮನುವಿನ ವಿನಾಯಿತಿಯು ಇಂದು ದೊರೆಯದು. ಜ್ಞಾನವು ಹೆಚ್ಚಿದಷ್ಟೂ ಅಪರಾಧದ ಕ್ಷೇತ್ರವು ಹಿಗ್ಗುತ್ತದೆ, ದೈವಿಕದ ಕ್ಷೇತ್ರವು ಕುಗ್ಗುತ್ತದೆ. ಇದರಿಂದ ಶ್ರೀಹರಿಯ ಸ್ವಾತಂತ್ರ್ಯಕ್ಕೆ ಕೊರತೆಯೇನೂ ಬರಲಿಲ್ಲ. ನಮಗೆ ತಿಳಿವಳಿಕೆಯನ್ನು ಕೊಟ್ಟವನೂ ಅವನೇ.

ಎಲ್ಲವನ್ನೂ ಅಂಬಿಗನ ತಲೆಗೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಎಂಬ ಕ್ರಮದಲ್ಲಿ ಕುಂಭಮೇಳವು ಆರಂಭವಾಯಿತು. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಅಂಥ ಜನಸಂದಣಿಯಲ್ಲಿ ಹೊಳೆಯ ದಡದಲ್ಲಿ ನಿಂತ ಅಂಬಿಗನ ಸ್ಥಿತಿಯನ್ನು ಊಹಿಸಿಕೊಳ್ಳಿರಿ. "ಇನ್ನೊಬ್ಬರು ಅಷ್ಟೇ, ವಯಸ್ಸಾದವರು", "ಮಗುವಿಗೇನು ತೂಕ", "ಮುಹೂರ್ತ ಮೀರುತ್ತದೆ" ಎಂದು ಹೇಳುವವರು ಯಾತ್ರಿಕರೇ. ಬೇಡವೆಂದ ಅಂಬಿಗನಿಗೆ ಬೈಗುಳ, ಹತ್ತಿಸಿಕೊಂಡವನಿಗೆ ದುಡ್ಡು. ಇಂಥ ಸನ್ನಿವೇಶದಲ್ಲಿ ಅವನ ಅಪರಾಧದಲ್ಲಿ ಹತ್ತಿದವರಿಗೂ ಪಾಲಿಲ್ಲವೇ? ಅದೇ ಕ್ಷೇತ್ರದ ಗುಂಜಾನರಸಿಂಹಸ್ವಾಮಿಯ ಸನ್ನಿಧಿಯಲ್ಲಿ, ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಎಂಬ ಪ್ರತೀತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗುಲಗಂಜಿಯ ತೂಕವನ್ನು ಲೆಕ್ಕಕ್ಕೆ ತಂದುಕೊಳ್ಳುವ ಜನರು ದೋಣಿಗೆ ಹತ್ತುವಾಗ ಇನ್ನೊಬ್ಬರ ತೂಕವನ್ನು ಲೆಕ್ಕಿಸದಿರುವುದು ಸೋಜಿಗ.

ಪ್ರಸಂಗವಶಾತ್ ಇನ್ನೊಂದು ಮಾತು. ಮನುಸ್ಮೃತಿಯ ಅದೇ ಪ್ರಕರಣದಲ್ಲಿ ಗರ್ಭಿಣಿಯರು, ಸಂನ್ಯಾಸಿಗಳು, ಬ್ರಾಹ್ಮಣರು ಮೊದಲಾದವರಿಗೆ ಹೊಳೆ ದಾಟುವ ಸುಂಕವಿಲ್ಲವೆಂದಿದೆ. ಸುಂಕದಿಂದ ವಿನಾಯಿತಿಯೇ ಹೊರತು ನೀರು ಮೊಗೆಯುವುದರಿಂದ ವಿನಾಯಿತಿಯೆಂದು ಎಲ್ಲಿಯೂ ಹೇಳಿಲ್ಲ. ದುಡ್ಡು ಕೊಡದೆ ಕುಳಿತ ಬ್ರಾಹ್ಮಣನು ಡಬ್ಬವನ್ನು ಕೈಗೆ ತೆಗೆದುಕೊಂಡರೆ ಅವನ ಮಡಿಗೆ ಲೋಪವೇನೂ ಬಾರದು ಎಂದು ನಮ್ಮ ಅಭಿಪ್ರಾಯ.

ಸಂಚಿತಕರ್ಮಕ್ಕೂ ಒಳನೀರಿಗೂ ಹೋಲಿಕೆಯನ್ನು ಹೇಳುವವರಿದ್ದಾರೆ. ಮೊದಲೇ ನಿಂತ ನೀರು ಸಂಚಿತ, ಈಗ ಸೋರಿ ಬರುತ್ತಿರುವುದು ಆಗಾಮಿ ಎಂದು. ಕೇಳಲು ಚೆನ್ನಾಗಿದೆಯಾದರೂ ಇದು ನಿಲ್ಲುವುದಿಲ್ಲ. ಸಂಚಿತವು ನಾಶವಾಗುವುದು ಅಪರೋಕ್ಷಜ್ಞಾನದಿಂದ, ಶ್ರೀಹರಿಯ ಪ್ರಸಾದದಿಂದ. ಅದನ್ನು ನಾವು ಡಬ್ಬದಿಂದ ಮೊಗೆದು ಹಾಕಲಾರೆವು. ದೋಣಿಯ ನೀರನ್ನು ಮೊಗೆಯಬಲ್ಲೆವು. ಮಾಡಬಲ್ಲದ್ದನ್ನು ಮಾಡಲಾರದ್ದರ ಜೊತೆಗೆ ಸೇರಿಸಿಬಿಟ್ಟರೆ ಎರಡರಿಂದಲೂ ಕೈ ತೊಳೆದುಕೊಳ್ಳುವುದು ಸುಲಭವಾಗುತ್ತದೆ. ಆದ್ದರಿಂದಲೇ ಆರಂಭದಲ್ಲಿ ನಾವು ದೃಷ್ಟಾಂತದ ದಾರಿಯನ್ನು ಬಿಟ್ಟೆವು.

ನಮ್ಮ ಸೀಮೆಯಲ್ಲಿ ತೆಪ್ಪೋತ್ಸವಗಳು ಅನೇಕ. ನಂಜನಗೂಡಿನ ದೊಡ್ಡ ಜಾತ್ರೆಯ ಪಂಚಮಹಾರಥೋತ್ಸವವಾದ ಮೇಲೆ ಕಪಿಲೆಯಲ್ಲಿ ನಡೆಯುವ ತೆಪ್ಪೋತ್ಸವವನ್ನು ನೋಡದವರು ಕಡಮೆ. ಸಣ್ಣ ದೇವಾಲಯಗಳಲ್ಲಿ ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ, ಮಂಟಪವನ್ನು ನಿಲ್ಲಿಸಿ ತೆಪ್ಪವನ್ನು ಮಾಡುವುದುಂಟು. 200 ಲೀಟರಿನ ಒಂದು ಪೀಪಾಯಿಯು ತನ್ನ ತೂಕವನ್ನು ಕಳೆದು ಸುಮಾರು 180 ಕಿಲೋ ಭಾರವನ್ನು ಎತ್ತಿ ಹಿಡಿಯಬಲ್ಲದು. ಇಪ್ಪತ್ತು ಪೀಪಾಯಿಗಳಾದರೆ 3,600 ಕಿಲೋ. ಅದರಲ್ಲಿ ಒಂದು ಅರ್ಧ ತುಂಬಿದರೆ 100 ಕಿಲೋ ಕಡಮೆಯಾಯಿತು, ಅಷ್ಟೇ ತಾನೆ ಎನ್ನಬಹುದು. ಆದರೆ ಆ 100 ಕಿಲೋ ಇಪ್ಪತ್ತರಲ್ಲಿ ಹಂಚಿಹೋಗುವುದಿಲ್ಲ. ಒಂದೇ ಮೂಲೆಯಲ್ಲಿ ಕುಳಿತಿರುತ್ತದೆ. ಪೀಪಾಯಿಗೆ ನೀರು ಸೇರುವ ಬಗೆಯೂ ವಿಚಿತ್ರ. ಹಗಲು ಬಿಸಿಲಿಗೆ ಒಳಗಿನ ಗಾಳಿಯು ಕಾದು ಹಿಗ್ಗಿ, ತುಕ್ಕಿನ ಸಣ್ಣ ರಂಧ್ರದಿಂದ ಹೊರಗೆ ಹೋಗುತ್ತದೆ. ಸಂಜೆ ನೀರಿನ ತಂಪಿಗೆ ಗಾಳಿಯು ಕುಗ್ಗಿದಾಗ ಅದೇ ರಂಧ್ರದಿಂದ ನೀರನ್ನು ಒಳಗೆ ಹೀರುತ್ತದೆ. ದಿನಕ್ಕೆ ಒಂದಿಷ್ಟು. ಹೊರಗೆ ಬಳಿದ ಬಣ್ಣವು ಹೊಸದಾಗಿಯೇ ಇರುತ್ತದೆ.

ಕೆಲವು ವರ್ಷಗಳ ಕೆಳಗೆ ಇಂಥದೊಂದು ದೇವಾಲಯದ ಪುಷ್ಕರಿಣಿಯಲ್ಲಿ ತೆಪ್ಪವನ್ನು ಕಟ್ಟುತ್ತಿದ್ದಾಗ ನಾವು ಹತ್ತಿರದಲ್ಲಿದ್ದೆವು. ಹೊಳೆಯ ಕಡೆಯಿಂದ ಕರೆಸಿದ್ದ ವಯಸ್ಸಾದ ಅಂಬಿಗನೊಬ್ಬನು ಪೀಪಾಯಿಗಳನ್ನು ಒಂದೊಂದಾಗಿ ಕೋಲಿನಿಂದ ತಟ್ಟುತ್ತಾ ಬಂದನು. ಹದಿನಾಲ್ಕೋ ಹದಿನೈದೋ ಪೀಪಾಯಿಗಳು ಠಣ್ ಎಂದವು. ಒಂದು ಮಾತ್ರ ಅರ್ಧದವರೆಗೆ ಠಣ್ ಎಂದು, ಕೆಳಗೆ ದಡ್ ಎಂದಿತು. ಅವನು ಅದನ್ನು ಬಿಚ್ಚಬೇಕೆಂದನು. ಉತ್ಸವದ ಮೇಲ್ವಿಚಾರಣೆಯ ಹಿರಿಯರೊಬ್ಬರು, "ಒಂದೇ ತಾನೆ, ಬಿಡಪ್ಪ. ಹೊತ್ತಾಯಿತು. ಸ್ವಾಮಿ ನೋಡಿಕೊಳ್ಳುತ್ತಾನೆ" ಎಂದರು. ಅಂಬಿಗನು ಕೋಲನ್ನು ಕೆಳಗಿಡದೆ, "ಸ್ವಾಮಿನೂ ಅದರ ಮೇಲೇ ಕೂರೋದಲ್ವ ಬುದ್ಧಿ" ಎಂದನು.

ಹಿರಿಯರು ಮಾತನಾಡಲಿಲ್ಲ. ಮೂಲೆಯ ಹಗ್ಗಗಳನ್ನು ಬಿಚ್ಚಿ ಆ ಪೀಪಾಯಿಯನ್ನು ಮೆಟ್ಟಲಿನ ಮೇಲೆ ಉರುಳಿಸಿ ಬಿರಡೆಯನ್ನು ತೆಗೆದಾಗ ತುಕ್ಕಿನ ಬಣ್ಣದ ನೀರು ನಾಲ್ಕೈದು ಕೊಡಗಳಷ್ಟು ಹರಿಯಿತು. ಬದಲಿಗೆ ಬೇರೊಂದನ್ನು ಊರಿನಿಂದ ತರಿಸಿ ಕಟ್ಟುವುದರಲ್ಲಿ ದೀಪ ಹಚ್ಚುವ ಹೊತ್ತಾಯಿತು. ವಾದ್ಯದವರು ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತಿದ್ದರು. ಒಬ್ಬಿಬ್ಬರು ಯಜಮಾನರು ತಡವಾಯಿತೆಂದು ಗೊಣಗಿದರು. ಉತ್ಸವಮೂರ್ತಿಯು ಒಂದು ಗಂಟೆ ತಡವಾಗಿ ತೆಪ್ಪಕ್ಕೆ ಬಿಜಯಂಗೈದು ಮೂರು ಸುತ್ತು ಬಂದಿತು. ಮೂರನೆಯ ಸುತ್ತಿನಲ್ಲಿ ಆ ಹಿರಿಯರೂ ಮಂಟಪದ ಕಂಬವನ್ನು ಹಿಡಿದುಕೊಂಡು ಅಂಬಿಗನ ಪಕ್ಕದಲ್ಲಿ ನಿಂತಿದ್ದರು.

॥ ಶ್ರೀಕೃಷ್ಣಾರ್ಪಣಮಸ್ತು ॥